ಪಾಲಿಸಿ ಅಪ್ಲೈ ಆಗದಿದ್ದರೆ ಫಾರ್ಮ್ಯಾಟ್ ಮದ್ದಲ್ಲ

ಮಾನ್ಯ ಸಂಪಾದಕರೇ,

‘ಸರ್ವರ್‌ನಲ್ಲಿ ಸೆಟ್ಟಿಂಗ್ ಹಾಕಿದ್ದೇವೆ, ಎಲ್ಲ ಸಿಸ್ಟಮ್‌ಗೂ ಬಂತು, ಈ ಮೂರಕ್ಕೆ ಮಾತ್ರ ಬರುತ್ತಿಲ್ಲ.’ ವಿಂಡೋಸ್ ಡೊಮೇನ್ (ಎಲ್ಲ ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ಜಾಲ) ಇರುವ ಕಚೇರಿಗಳಲ್ಲಿ ಆಗಾಗ ಕೇಳಿಬರುವ ಮಾತಿದು. ಆ ಮೂರು ಕಂಪ್ಯೂಟರ್‌ಗಳ ಪಾಡೂ ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಮೊದಲು ನಾಲ್ಕಾರು ಸಲ ರೀಸ್ಟಾರ್ಟ್, ಆಮೇಲೆ ಡೊಮೇನ್‌ನಿಂದ ತೆಗೆದು ಮತ್ತೆ ಸೇರಿಸುವುದು, ಅದಕ್ಕೂ ಬಗ್ಗದಿದ್ದರೆ ಫಾರ್ಮ್ಯಾಟ್. ಫಾರ್ಮ್ಯಾಟ್ ಆದ ಮೇಲೂ ಪಾಲಿಸಿ, ಅಂದರೆ ಸರ್ವರ್‌ನಿಂದ ಕಳಿಸಿದ ಆ ಸೆಟ್ಟಿಂಗ್, ಬಾರದಿದ್ದಾಗ ‘ಈ ಸಿಸ್ಟಮ್ಮೇ ಸರಿ ಇಲ್ಲ’ ಎಂಬ ತೀರ್ಪು. ಅರ್ಧ ದಿನದ ಕೆಲಸ ಹಾಳು, ಕೆಲವೊಮ್ಮೆ ಸಿಬ್ಬಂದಿಯ ಕಡತಗಳೂ ಹಾಳು; ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ಗ್ರೂಪ್ ಪಾಲಿಸಿ ಏಕೆ ಬರಲಿಲ್ಲ ಎಂಬುದನ್ನು ಆ ಕಂಪ್ಯೂಟರೇ ಬರೆದಿಟ್ಟುಕೊಂಡಿರುತ್ತದೆ. ಅದನ್ನು ಓದುವ ಅಭ್ಯಾಸ ಕಚೇರಿಗಳಲ್ಲಿ ಬೆಳೆಯಲಿ ಎಂದು ಈ ಪತ್ರ.

ಇದು ಅಡ್ಮಿನ್‌ಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಹತ್ತು ನಿಮಿಷ ಮುಟ್ಟದಿದ್ದರೆ ಪರದೆ ಲಾಕ್ ಆಗುವುದು, ಗೊತ್ತಿಲ್ಲದ ಪೆನ್‌ಡ್ರೈವ್ ತೆರೆಯದಿರುವುದು, ಅಪ್‌ಡೇಟ್ ಹೊತ್ತಿಗೆ ಸರಿಯಾಗಿ ಬರುವುದು, ಫೈರ್‌ವಾಲ್ ಆನ್ ಇರುವುದು ಎಲ್ಲ ನಡೆಯುವುದು ಈ ಪಾಲಿಸಿಗಳಿಂದಲೇ. ಪಾಲಿಸಿ ಬಾರದ ಕಂಪ್ಯೂಟರ್ ಮುಂದೆ ಕೂತವರಿಗೆ ಯಾವ ಎಚ್ಚರಿಕೆಯೂ ಕಾಣುವುದಿಲ್ಲ. ಲಾಗಿನ್ ಆಗುತ್ತದೆ, ಇಂಟರ್‌ನೆಟ್ ಬರುತ್ತದೆ, ಪ್ರಿಂಟರ್ ಓಡುತ್ತದೆ. ಜನರ ದಾಖಲೆ ಇಟ್ಟುಕೊಂಡ ಕಂಪ್ಯೂಟರ್ ಬಾಗಿಲು ತೆರೆದುಕೊಂಡೇ ಕೂತಿದೆ ಎಂಬುದು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ.

ದೂರು ಕೊಡುವ ಮೊದಲು ಗಡಿಯಾರ ನೋಡಿ. ಮಾಮೂಲಿ ಕಂಪ್ಯೂಟರ್ ಹೊಸ ಪಾಲಿಸಿ ಇದೆಯೇ ಎಂದು ಕೇಳುವುದು 90 ನಿಮಿಷಕ್ಕೊಮ್ಮೆ. ಎಲ್ಲವೂ ಒಂದೇ ಕ್ಷಣಕ್ಕೆ ಸರ್ವರ್ ಮೇಲೆ ಮುಗಿಬೀಳದಿರಲಿ ಎಂದು ಅದಕ್ಕೆ 0ಯಿಂದ 30 ನಿಮಿಷದವರೆಗೆ ಹೆಚ್ಚುವರಿ ಸೇರುತ್ತದೆ. ಅಂದರೆ ಎರಡು ಗಂಟೆ ಕಾಯುವುದು ಸಹಜ. ಡೊಮೇನ್ ಕಂಟ್ರೋಲರ್‌ಗಳು, ಅಂದರೆ ಡೊಮೇನ್ ನಡೆಸುವ ಸರ್ವರ್‌ಗಳು ಮಾತ್ರ 5 ನಿಮಿಷಕ್ಕೊಮ್ಮೆ ನೋಡಿಕೊಳ್ಳುತ್ತವೆ.

ಎರಡು ಗಂಟೆ ಕಳೆದರೂ ಬಾರದಿದ್ದರೆ ಆ ಕಂಪ್ಯೂಟರ್ ಮುಂದೆಯೇ ಕೂತು ವರದಿ ತೆಗೆಯಬೇಕು. ಕಮಾಂಡ್ ಪ್ರಾಂಪ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ತೆರೆದು, ‘ಜಿಪಿರಿಸಲ್ಟ್ /ಆರ್’ ಎಂದು ಹೊಡೆಯಿರಿ. ಸುಮ್ಮನೆ ತೆರೆದರೆ ಬಳಕೆದಾರರ ಭಾಗವಷ್ಟೇ ಬರುತ್ತದೆ, ಕಂಪ್ಯೂಟರ್ ಭಾಗ ಬರುವುದೇ ಇಲ್ಲ. ಅದನ್ನು ನೋಡಿ ‘ಒಂದು ಪಾಲಿಸಿಯೂ ಬಂದಿಲ್ಲ’ ಎಂದುಕೊಳ್ಳುವವರು ಬಹಳ. ಇನ್ನು ಅಡ್ಮಿನ್ ಖಾತೆ ಆ ಕಂಪ್ಯೂಟರ್‌ನಲ್ಲಿ ಒಮ್ಮೆಯೂ ಲಾಗಿನ್ ಆಗಿರದಿದ್ದರೆ ‘ಈ ಬಳಕೆದಾರರ ಮಾಹಿತಿ ಇಲ್ಲ’ ಎಂದು ಹೇಳಿ ನಿಂತುಬಿಡುತ್ತದೆ. ಆಗ ‘ಜಿಪಿರಿಸಲ್ಟ್ /ಸ್ಕೋಪ್ ಕಂಪ್ಯೂಟರ್ /ಆರ್’ ಎಂದು ಕೊಟ್ಟರೆ ಬೇಕಾದ ಭಾಗ ಸಿಗುತ್ತದೆ.

ಪಾಲಿಸಿಗಳ ಹೆಸರಿನ ಪಟ್ಟಿಗೆ ಹಾರುವ ಮೊದಲು ‘ಕಂಪ್ಯೂಟರ್ ಸೆಟ್ಟಿಂಗ್ಸ್’ ತಲೆಬರಹದ ಕೆಳಗಿನ ನಾಲ್ಕು ಸಾಲು ಓದಿ. ಸಮಸ್ಯೆಯ ಅರ್ಧ ಉತ್ತರ ಅಲ್ಲೇ ಇರುತ್ತದೆ. ಮೊದಲ ಸಾಲು ಈ ಕಂಪ್ಯೂಟರ್ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ (ಡೊಮೇನ್‌ನ ಎಲ್ಲ ಖಾತೆಗಳ ದಾಖಲೆ) ಎಲ್ಲಿದೆ ಎಂಬ ಪೂರ್ತಿ ವಿಳಾಸ. ಎರಡನೆಯದು ಕೊನೆಯ ಸಲ ಪಾಲಿಸಿ ಬಂದ ದಿನ, ಗಂಟೆ. ಮೂರನೆಯದು ಯಾವ ಡೊಮೇನ್ ಕಂಟ್ರೋಲರ್‌ನಿಂದ ಬಂತು ಎಂಬುದು. ನಾಲ್ಕನೆಯದು ನಿಧಾನಗತಿಯ ಸಂಪರ್ಕದ ಮಿತಿ, ಸಾಮಾನ್ಯವಾಗಿ ಸೆಕೆಂಡಿಗೆ 500 ಕಿಲೋಬಿಟ್. ಸಂಪರ್ಕ ಇದಕ್ಕಿಂತ ನಿಧಾನ ಎಂದು ಕಂಡರೆ ಸಾಫ್ಟ್‌ವೇರ್ ಹಾಕುವುದು, ಬಳಕೆದಾರರ ಫೋಲ್ಡರ್‌ಗಳನ್ನು ಸರ್ವರ್‌ನಲ್ಲಿಡುವ ಫೋಲ್ಡರ್ ರೀಡೈರೆಕ್ಷನ್‌ನಂಥವನ್ನು ಅದು ತಾನಾಗಿ ಬಿಟ್ಟುಬಿಡುತ್ತದೆ.

ವಿಳಾಸದ ಸಾಲಿನಲ್ಲಿ ಓಯು (ಆರ್ಗನೈಸೇಷನಲ್ ಯೂನಿಟ್, ಖಾತೆಗಳನ್ನು ವಿಭಾಗವಾರು ಇಡುವ ಗುಂಪು) ಎಂಬ ಅಕ್ಷರಗಳೇ ಇಲ್ಲದೆ ಬರೀ ‘ಸಿಎನ್=ಕಂಪ್ಯೂಟರ್ಸ್’ ಎಂದಿದ್ದರೆ ಅಲ್ಲೇ ನಿಲ್ಲಿ, ಕಾರಣ ಸಿಕ್ಕಿತು. ಹೊಸದಾಗಿ ಡೊಮೇನ್ ಸೇರಿದ ಕಂಪ್ಯೂಟರ್ ತಾನಾಗಿ ಹೋಗಿ ಬೀಳುವುದು ಈ ‘ಕಂಪ್ಯೂಟರ್ಸ್’ ಎಂಬ ಡಬ್ಬಿಗೆ. ನೋಡಲು ಫೋಲ್ಡರ್‌ನಂತೆ ಇದ್ದರೂ ಅದು ಓಯು ಅಲ್ಲ, ಅದಕ್ಕೆ ಪಾಲಿಸಿಯನ್ನು ಲಿಂಕ್ ಮಾಡಲು ಬರುವುದೇ ಇಲ್ಲ. ಡೊಮೇನ್ ಮಟ್ಟದ ಪಾಲಿಸಿ ಬರುತ್ತದೆ, ಇಲಾಖೆಯ ಓಯುಗೆ ಹಾಕಿದ್ದು ಬರುವುದಿಲ್ಲ. ‘ಕೆಲವು ಬರುತ್ತವೆ, ಕೆಲವು ಬರುವುದಿಲ್ಲ’ ಎಂಬ ದೂರಿನ ಹಿಂದೆ ಇದೇ ಇರುವುದು ಹೆಚ್ಚು. ಕಂಪ್ಯೂಟರ್ ಖಾತೆಯನ್ನು ಸರಿಯಾದ ಓಯುಗೆ ಎಳೆದು ಹಾಕಿ ರೀಸ್ಟಾರ್ಟ್ ಮಾಡಿ. ಮುಂದೆ ಸೇರುವವು ನೇರ ಓಯುಗೇ ಹೋಗಲಿ ಎಂದಾದರೆ ಡೊಮೇನ್ ಕಂಟ್ರೋಲರ್‌ನಲ್ಲಿ ‘ರೀಡಿರ್‌ಸಿಎಂಪಿ’ (redircmp) ಕಮಾಂಡ್‌ಗೆ ಆ ಓಯುವಿನ ವಿಳಾಸ ಕೊಟ್ಟು ಒಮ್ಮೆ ಓಡಿಸಿದರೆ ಸಾಕು. ಡೊಮೇನ್‌ನಿಂದ ತೆಗೆದು ಸೇರಿಸುವ ಚಿಕಿತ್ಸೆ ಏಕೆ ಕೈಕೊಡುತ್ತದೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಹಳೆಯ ಖಾತೆ ಅಳಿಸಿ ಸೇರಿಸಿದರೆ ಹೊಸ ಖಾತೆ ಹುಟ್ಟಿ ಮತ್ತೆ ಅದೇ ಡಬ್ಬಿಗೆ ಬೀಳುತ್ತದೆ, ಜೊತೆಗೆ ಹಳೆಯ ಗ್ರೂಪ್ ಸದಸ್ಯತ್ವಗಳೂ ಹೋಗುತ್ತವೆ. ಅಳಿಸದೆ ಸೇರಿಸಲು ಹೋದರೆ, 2022ರ ಅಕ್ಟೋಬರ್ ಅಪ್‌ಡೇಟ್‌ಗಳ ನಂತರ, ಖಾತೆ ಸೃಷ್ಟಿಸಿದವರು ಬೇರೆಯವರಾಗಿದ್ದರೆ ವಿಂಡೋಸ್ ತಡೆಯುವುದುಂಟು.

ವಿಳಾಸ ಸರಿಯಿದ್ದರೆ ಪಟ್ಟಿಗೆ ಬನ್ನಿ. ಪಟ್ಟಿ ಎರಡು: ಬಂದ ಪಾಲಿಸಿಗಳದ್ದು, ಸೋಸಿಹೋದ ಪಾಲಿಸಿಗಳದ್ದು. ಎರಡನೆಯದರಲ್ಲಿ ಪ್ರತಿಯೊಂದರ ಕೆಳಗೂ ಕಾರಣವಿರುತ್ತದೆ. ‘ಎಂಪ್ಟಿ’ ಎಂದಿದ್ದರೆ ಆ ಭಾಗದಲ್ಲಿ ಏನೂ ಇಲ್ಲ ಎಂದರ್ಥ. ಬಳಕೆದಾರರ ಸೆಟ್ಟಿಂಗ್ ಮಾತ್ರ ಇರುವ ಪಾಲಿಸಿಯನ್ನು ಕಂಪ್ಯೂಟರ್‌ಗಳ ಓಯುಗೆ ಲಿಂಕ್ ಮಾಡಿದಾಗ ಹೀಗಾಗುತ್ತದೆ. ಪಾಲಿಸಿಗೆ ಎರಡು ಅರ್ಧ ಇವೆ. ಕಂಪ್ಯೂಟರ್ ಅರ್ಧ ಕಂಪ್ಯೂಟರ್ ಖಾತೆ ಇರುವ ಓಯುಗೂ ಬಳಕೆದಾರರ ಅರ್ಧ ಬಳಕೆದಾರರ ಖಾತೆ ಇರುವ ಓಯುಗೂ ಸೇರಬೇಕು. ಇಂಥ ಕಂಪ್ಯೂಟರ್‌ಗೆ ಯಾರೇ ಲಾಗಿನ್ ಆದರೂ ಬಳಕೆದಾರರ ಸೆಟ್ಟಿಂಗ್ ಬರಲೇಬೇಕು ಎಂದಿದ್ದರೆ ಲೂಪ್‌ಬ್ಯಾಕ್ ಎಂಬ ಸೆಟ್ಟಿಂಗ್ ಹಾಕಬೇಕು. ಅದರಲ್ಲಿ ‘ಮರ್ಜ್’ ಕೊಟ್ಟರೆ ಎರಡೂ ಕಡೆಯದು ಸೇರುತ್ತದೆ, ‘ರೀಪ್ಲೇಸ್’ ಕೊಟ್ಟರೆ ಬಳಕೆದಾರರ ಸ್ವಂತ ಓಯುವಿನದ್ದು ಪೂರ್ತಿ ಬಿದ್ದುಹೋಗುತ್ತದೆ. ಯೋಚಿಸಿ ಆರಿಸಿ.

‘ಡಿನೈಡ್’ ಜೊತೆ ಡಬ್ಲ್ಯುಎಂಐ ಫಿಲ್ಟರ್ (ಕಂಪ್ಯೂಟರ್‌ಗೆ ಪ್ರಶ್ನೆ ಕೇಳಿ ಪಾಲಿಸಿ ಕೊಡಬೇಕೇ ಎಂದು ನಿರ್ಧರಿಸುವ ಜರಡಿ) ಹೆಸರಿದ್ದರೆ ಫಿಲ್ಟರ್‌ನ ಪ್ರಶ್ನೆಗೆ ಕಂಪ್ಯೂಟರ್ ‘ಅಲ್ಲ’ ಎಂದಿದೆ. ವಿಂಡೋಸ್ 11 ಕೂಡ ತನ್ನ ಆವೃತ್ತಿಯನ್ನು 10.0 ಎಂದೇ ಹೇಳಿಕೊಳ್ಳುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ‘11’ ಎಂದು ಹುಡುಕುವ ಫಿಲ್ಟರ್‌ಗೆ ಯಾವ ಕಂಪ್ಯೂಟರೂ ಸಿಗುವುದಿಲ್ಲ. ಬಿಲ್ಡ್ ಸಂಖ್ಯೆ 22000 ಅಥವಾ ಅದಕ್ಕಿಂತ ಹೆಚ್ಚು ಎಂದು ಕೇಳಬೇಕು, ಜೊತೆಗೆ ಪ್ರಾಡಕ್ಟ್‌ಟೈಪ್ 1, ಅಂದರೆ ಸರ್ವರ್ ಅಲ್ಲದ ಮಾಮೂಲಿ ಕಂಪ್ಯೂಟರ್ ಎಂದು ಸೇರಿಸಬೇಕು. ಇಲ್ಲದಿದ್ದರೆ ಹೊಸ ಸರ್ವರ್‌ಗಳೂ ಒಳಗೆ ಬಂದುಬಿಡುತ್ತವೆ.

‘ಡಿನೈಡ್’ ಜೊತೆ ಸೆಕ್ಯುರಿಟಿ ಎಂದಿದ್ದರೆ, ಅಥವಾ ಕಾರಣ ತಿಳಿಯದು ಎಂದು ಬಂದರೆ, ಅಥವಾ ಪಾಲಿಸಿಯ ಹೆಸರು ಎರಡೂ ಪಟ್ಟಿಯಲ್ಲಿ ಇಲ್ಲದಿದ್ದರೆ ಅನುಮತಿಗಳನ್ನು ನೋಡಬೇಕು. ಇಲ್ಲಿ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ವರ್ಷಗಳ ಹಿಂದಿನ ಬದಲಾವಣೆಯೊಂದು ಇಂದಿಗೂ ಅಡ್ಮಿನ್‌ಗಳನ್ನು ಕಾಡುತ್ತಿದೆ. 2016ರ ಜೂನ್‌ವರೆಗೆ ಬಳಕೆದಾರರ ಪಾಲಿಸಿಯನ್ನು ಕಂಪ್ಯೂಟರ್ ಓದುತ್ತಿದ್ದದ್ದು ಬಳಕೆದಾರರ ಹೆಸರಿನಲ್ಲಿ. ಆ ತಿಂಗಳ ಎಂಎಸ್16-072 ಎಂಬ ಭದ್ರತಾ ಅಪ್‌ಡೇಟ್ ಇದನ್ನು ಬದಲಿಸಿತು. ಅಂದಿನಿಂದ ಕಂಪ್ಯೂಟರ್ ತನ್ನ ಸ್ವಂತ ಹೆಸರಿನಲ್ಲಿ ಹೋಗಿ ಓದುತ್ತದೆ. ದಾರಿಯಲ್ಲಿ ಯಾರೋ ನಡುವೆ ಕೂತು ಪಾಲಿಸಿಯನ್ನು ತಿದ್ದುವ ಅಪಾಯ ತಪ್ಪಿಸಲು ಮಾಡಿದ ಒಳ್ಳೆಯ ಬದಲಾವಣೆಯೇ ಅದು. ಆದರೆ ಪಾಲಿಸಿ ಒಂದೇ ವಿಭಾಗಕ್ಕೆ ಸಾಕು ಎಂದು ‘ಸೆಕ್ಯುರಿಟಿ ಫಿಲ್ಟರಿಂಗ್’ ಪಟ್ಟಿಯಿಂದ ‘ಆಥೆಂಟಿಕೇಟೆಡ್ ಯೂಸರ್ಸ್’ ತೆಗೆದು ವಿಭಾಗದ ಗ್ರೂಪ್ ಮಾತ್ರ ಉಳಿಸಿದರೆ ಏನಾಗುತ್ತದೆ? ಆ ಗ್ರೂಪ್‌ನಲ್ಲಿ ಇರುವವರು ಜನ, ಕಂಪ್ಯೂಟರ್ ಅಲ್ಲ. ಕಂಪ್ಯೂಟರ್‌ಗೆ ಓದುವ ಅನುಮತಿಯೇ ಉಳಿಯುವುದಿಲ್ಲ, ಪಾಲಿಸಿ ಯಾರಿಗೂ ಬರುವುದಿಲ್ಲ.

ಪರಿಹಾರಕ್ಕೆ ಎರಡು ನಿಮಿಷ ಸಾಕು. ಗ್ರೂಪ್ ಪಾಲಿಸಿ ಮ್ಯಾನೇಜ್‌ಮೆಂಟ್‌ನಲ್ಲಿ ಆ ಪಾಲಿಸಿ ಆರಿಸಿ, ‘ಡೆಲಿಗೇಷನ್’ ಟ್ಯಾಬ್‌ಗೆ ಹೋಗಿ, ‘ಆ್ಯಡ್’ ಒತ್ತಿ, ‘ಡೊಮೇನ್ ಕಂಪ್ಯೂಟರ್ಸ್’ ಅಥವಾ ‘ಆಥೆಂಟಿಕೇಟೆಡ್ ಯೂಸರ್ಸ್’ ಸೇರಿಸಿ ‘ರೀಡ್’ ಅನುಮತಿ ಮಾತ್ರ ಕೊಡಿ. ಮೊದಲ ಪುಟದ ‘ಸೆಕ್ಯುರಿಟಿ ಫಿಲ್ಟರಿಂಗ್’ ಡಬ್ಬದಲ್ಲಿ ಸೇರಿಸಬೇಡಿ. ಅಲ್ಲಿ ಸೇರಿಸಿದರೆ ಓದುವ ಅನುಮತಿಯ ಜೊತೆಗೆ ‘ಅಪ್ಲೈ’ ಕೂಡ ಹೋಗಿ, ಒಂದು ವಿಭಾಗದ ಪಾಲಿಸಿ ಇಡೀ ಕಚೇರಿಗೆ ಹರಡುತ್ತದೆ.

ಗ್ರೂಪ್ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಕಂಪ್ಯೂಟರನ್ನು ಈಗಷ್ಟೇ ಗ್ರೂಪ್‌ಗೆ ಸೇರಿಸಿದ್ದರೆ ಅದು ರೀಸ್ಟಾರ್ಟ್ ಆಗುವವರೆಗೆ ತಾನು ಸೇರಿದ್ದೇನೆ ಎಂದು ಅದಕ್ಕೇ ಗೊತ್ತಿರುವುದಿಲ್ಲ. ಬಳಕೆದಾರರನ್ನು ಸೇರಿಸಿದ್ದರೆ ಅವರು ಲಾಗ್ ಆಫ್ ಆಗಿ ಮತ್ತೆ ಲಾಗಿನ್ ಆಗಬೇಕು.

ಪಾಲಿಸಿ ಬಂದ ಪಟ್ಟಿಯಲ್ಲೇ ಇದೆ, ಆದರೂ ಸೆಟ್ಟಿಂಗ್ ಕಾಣುತ್ತಿಲ್ಲ ಎಂದರೆ ಬೇರೊಂದು ಪಾಲಿಸಿ ಗೆದ್ದಿದೆ. ಕ್ರಮ ಇದು: ಕಂಪ್ಯೂಟರ್‌ನ ಸ್ವಂತದ್ದು, ಸೈಟ್ (ಜಾಲದಲ್ಲಿ ಒಂದು ಸ್ಥಳ), ಡೊಮೇನ್, ಓಯು, ಕೊನೆಗೆ ಬಂದದ್ದೇ ಗೆಲ್ಲುತ್ತದೆ, ಮೇಲಿನದಕ್ಕೆ ‘ಎನ್‌ಫೋರ್ಸ್ಡ್’ ಹಾಕಿದ್ದರೆ ಅದು ಗೆಲ್ಲುತ್ತದೆ. ‘ಜಿಪಿರಿಸಲ್ಟ್ /ಎಚ್’ ಜೊತೆ ಫೈಲ್ ಹೆಸರು ಕೊಟ್ಟು ತೆಗೆದ ವರದಿಯಲ್ಲಿ ಪ್ರತಿ ಸೆಟ್ಟಿಂಗ್ ಎದುರು ‘ವಿನ್ನಿಂಗ್ ಜಿಪಿಓ’ ಎಂಬ ಅಂಕಣದಲ್ಲಿ ಗೆದ್ದ ಪಾಲಿಸಿಯ ಹೆಸರಿರುತ್ತದೆ. ಡೊಮೇನ್ ಖಾತೆಗಳ ಪಾಸ್‌ವರ್ಡ್ ನಿಯಮವನ್ನು ಮಾತ್ರ ಓಯುಗೆ ಲಿಂಕ್ ಮಾಡಿ ಪ್ರಯೋಜನವಿಲ್ಲ. ಅದು ಡೊಮೇನ್ ಮಟ್ಟದಲ್ಲೇ ಇರಬೇಕು.

ಇನ್ನು, ವರದಿಯಲ್ಲಿ ಕೊನೆಯ ಸಲ ಪಾಲಿಸಿ ಬಂದ ದಿನಾಂಕವೇ ಹಳೆಯದಾಗಿದ್ದರೆ ದೋಷ ಪಾಲಿಸಿಯಲ್ಲಿ ಇಲ್ಲ, ದಾರಿಯಲ್ಲಿದೆ. ಮೊದಲ ಸಂಶಯ ಡಿಎನ್‌ಎಸ್ (ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಮೇಲಿರಲಿ. ‘ಐಪಿಕಾನ್ಫಿಗ್ /ಆಲ್’ ಕೊಟ್ಟು ಡಿಎನ್‌ಎಸ್ ಸರ್ವರ್‌ಗಳ ಸಾಲು ನೋಡಿ. ಅಲ್ಲಿ ಡೊಮೇನ್‌ನ ಡಿಎನ್‌ಎಸ್ ಸರ್ವರ್‌ಗಳು ಮಾತ್ರ ಇರಬೇಕು. ‘ಇರಲಿ, ಇಂಟರ್‌ನೆಟ್ ನಿಲ್ಲದಿರಲಿ’ ಎಂದು ಎರಡನೆಯ ಸಾಲಿಗೆ ರೌಟರ್ ವಿಳಾಸವನ್ನೋ 8.8.8.8 ಅನ್ನೋ ಹಾಕಿರುತ್ತಾರೆ. ಮೊದಲನೆಯದು ಒಮ್ಮೆ ಉತ್ತರಿಸಲು ತಡಮಾಡಿದರೆ ವಿಂಡೋಸ್ ಎರಡನೆಯದರತ್ತ ತಿರುಗುತ್ತದೆ. ಹೊರಗಿನ ಆ ಸರ್ವರ್‌ಗೆ ಕಚೇರಿಯ ಡೊಮೇನ್ ಕಂಟ್ರೋಲರ್ ಎಲ್ಲಿದೆ ಎಂದು ಹೇಗೆ ಗೊತ್ತಾಗಬೇಕು? ‘ಅಂಥದ್ದಿಲ್ಲ’ ಎಂದು ಉತ್ತರ ಕೊಡುತ್ತದೆ, ಕಂಪ್ಯೂಟರ್ ಅದನ್ನು ನಂಬುತ್ತದೆ. ಒಂದು ದಿನ ಪಾಲಿಸಿ ಬಂದು ಮರುದಿನ ಬಾರದಿರುವ ವಿಚಿತ್ರಕ್ಕೆ ಇದೇ ಮೂಲ. ಹೊರಗಿನ ಹೆಸರುಗಳನ್ನು ಹುಡುಕುವ ಕೆಲಸವನ್ನು ಡೊಮೇನ್‌ನ ಡಿಎನ್‌ಎಸ್ ಸರ್ವರ್‌ಗೇ ಬಿಡಿ, ಅದರ ಫಾರ್ವರ್ಡರ್ ಪಟ್ಟಿ ಇರುವುದು ಅದಕ್ಕಾಗಿಯೇ.

ದಾರಿ ಸರಿಯಿದೆಯೇ ಎಂದು ನೋಡಲು ‘ಎನ್‌ಎಲ್‌ಟೆಸ್ಟ್ /ಡಿಎಸ್‌ಗೆಟ್‌ಡಿಸಿ:’ ಎಂದು ಬರೆದು ಮುಂದೆ ಡೊಮೇನ್ ಹೆಸರು ಕೊಡಿ. ಕಂಟ್ರೋಲರ್‌ನ ಹೆಸರು, ವಿಳಾಸ ಬರಬೇಕು. ಆಮೇಲೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್, ಡೊಮೇನ್ ಹೆಸರು, ಮತ್ತೊಂದು ಬ್ಯಾಕ್‌ಸ್ಲ್ಯಾಶ್, ಸಿಸ್‌ವಾಲ್ ಎಂದು ಹೊಡೆದು ತೆರೆಯಿರಿ. ಪಾಲಿಸಿಗಳ ಫೈಲ್‌ಗಳು ಇರುವ ಹಂಚಿಕೆಯ ಫೋಲ್ಡರ್ ಅದು. ಸರ್ವರ್ ಹೆಸರಿನಿಂದ ತೆರೆದು ‘ತೆರೆಯುತ್ತದಲ್ಲ’ ಎನ್ನಬೇಡಿ. ಪಾಲಿಸಿ ಬರುವುದು ಡೊಮೇನ್ ಹೆಸರಿನ ದಾರಿಯಲ್ಲಿ, ಪರೀಕ್ಷೆಯೂ ಅದೇ ದಾರಿಯಲ್ಲಿ ಆಗಬೇಕು. ನಡುವೆ ಫೈರ್‌ವಾಲ್ ಇದ್ದರೆ 53, 88, 135, 389, 445ನೇ ಪೋರ್ಟ್‌ಗಳೂ 49152ರಿಂದ 65535ರವರೆಗಿನವೂ ಡೊಮೇನ್ ಕಂಟ್ರೋಲರ್‌ವರೆಗೆ ತೆರೆದಿರಬೇಕು.

ಗಡಿಯಾರವೂ ಕಾರಣವಾಗಬಲ್ಲದು. ಕಂಪ್ಯೂಟರ್ ಮತ್ತು ಡೊಮೇನ್ ಕಂಟ್ರೋಲರ್ ನಡುವೆ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಡೊಮೇನ್‌ನಲ್ಲಿ ಗುರುತು ಪರೀಕ್ಷಿಸುವ ಕೆರ್ಬರೋಸ್ ವ್ಯವಸ್ಥೆ ಕಂಪ್ಯೂಟರ್‌ನ ಗುರುತು ಒಪ್ಪುವುದಿಲ್ಲ. ಪ್ಲಗ್ ತೆಗೆದಾಗಲೆಲ್ಲ ದಿನಾಂಕ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ. ಹೆಚ್ಚಿನವುಗಳಲ್ಲಿ ಇರುವುದು 3 ವೋಲ್ಟಿನ ಸಿಆರ್2032. ಬ್ಯಾಟರಿ ಬದಲಿಸಿ, ‘ಡಬ್ಲ್ಯು32ಟಿಎಂ /ರೀಸಿಂಕ್’ ಕೊಡಿ.

ಡಿಸ್ಕ್‌ನ ಹಳೆಯ ಇಮೇಜ್ (ಪೂರ್ತಿ ನಕಲು) ಮರಳಿ ಹಾಕಿದ ಕಂಪ್ಯೂಟರ್‌ಗಳ ಕಥೆ ಬೇರೆ. ಕಂಪ್ಯೂಟರ್ ಖಾತೆಗೂ ಒಂದು ಪಾಸ್‌ವರ್ಡ್ ಇದೆ, ಅದು 30 ದಿನಕ್ಕೊಮ್ಮೆ ತಾನಾಗಿ ಬದಲಾಗುತ್ತದೆ. ಇಮೇಜ್‌ನಲ್ಲಿರುವುದು ಹಳೆಯ ಪಾಸ್‌ವರ್ಡ್. ಪವರ್‌ಶೆಲ್ ಅನ್ನು ಅಡ್ಮಿನ್ ಆಗಿ ತೆರೆದು ‘ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್’ ಹೊಡೆದಾಗ ‘ಫಾಲ್ಸ್’ ಬಂದರೆ ಅದಕ್ಕೇ ‘-ರಿಪೇರ್ -ಕ್ರೆಡೆನ್ಷಿಯಲ್’ ಸೇರಿಸಿ ಡೊಮೇನ್ ಅಡ್ಮಿನ್ ಖಾತೆ ಕೊಡಿ. ಡೊಮೇನ್‌ನಿಂದ ತೆಗೆಯುವ ಅಗತ್ಯವೇ ಬೀಳುವುದಿಲ್ಲ.

ಬೆಳಿಗ್ಗೆ ಆನ್ ಮಾಡಿದಾಗ ಬಾರದ ಪಾಲಿಸಿ ಮಧ್ಯಾಹ್ನಕ್ಕೆ ಬರುತ್ತದೆ ಎಂದರೆ ಕಂಪ್ಯೂಟರ್ ನೆಟ್‌ವರ್ಕ್‌ಗಿಂತ ಮೊದಲೇ ಎದ್ದುಬಿಡುತ್ತಿದೆ. ಎಸ್‌ಎಸ್‌ಡಿ ಇರುವವು ಕೆಲವೇ ಸೆಕೆಂಡಿನಲ್ಲಿ ಎದ್ದು ನಿಲ್ಲುತ್ತವೆ. ಹಳೆಯ ಸ್ಪ್ಯಾನಿಂಗ್ ಟ್ರೀ (ಜಾಲದಲ್ಲಿ ಸುತ್ತುದಾರಿ ಆಗದಂತೆ ತಡೆಯುವ ವ್ಯವಸ್ಥೆ) ನಡೆಯುತ್ತಿರುವ ಸ್ವಿಚ್‌ನ ಪೋರ್ಟ್ ಮಾತ್ರ 15 ಮತ್ತು 15, ಒಟ್ಟು 30 ಸೆಕೆಂಡ್ ಕಾಯಿಸಿ ಆಮೇಲೆ ದಾರಿ ಬಿಡುತ್ತದೆ. ಕಂಪ್ಯೂಟರ್ ಜೋಡಿಸಿದ ಪೋರ್ಟ್‌ಗಳಿಗೆ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿಸಿ. ಜೊತೆಗೆ ‘ಆಲ್ವೇಸ್ ವೇಟ್ ಫಾರ್ ದ ನೆಟ್‌ವರ್ಕ್ ಅಟ್ ಕಂಪ್ಯೂಟರ್ ಸ್ಟಾರ್ಟಪ್ ಆ್ಯಂಡ್ ಲಾಗಾನ್’ ಎಂಬ ಪಾಲಿಸಿಯನ್ನು ಎನೇಬಲ್ ಮಾಡಿ. ಇದಿಲ್ಲದಿದ್ದರೆ ಸಾಫ್ಟ್‌ವೇರ್ ಹಾಕುವ ಪಾಲಿಸಿ ಕೆಲಸ ಮಾಡಲು ಎರಡು ಮೂರು ರೀಸ್ಟಾರ್ಟ್ ಬೇಕಾಗುತ್ತದೆ. ಶಟ್‌ಡೌನ್ ಮಾಡಿ ಆನ್ ಮಾಡುವುದೂ ರೀಸ್ಟಾರ್ಟ್ ಮಾಡುವುದೂ ಒಂದೇ ಎಂದು ತಿಳಿಯಬೇಡಿ. ವಿಂಡೋಸ್ 8ರಿಂದ ಈಚೆಗೆ ಬಂದ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಹಾಗಾಗಿ ಸ್ಟಾರ್ಟಪ್ ಸ್ಕ್ರಿಪ್ಟ್ ಓಡದೇ ಹೋಗಬಹುದು. ರೀಸ್ಟಾರ್ಟ್ ಎಂದೇ ಕೊಡಬೇಕು.

ಒಂದೇ ಓಯುವಿನ ಎರಡು ಕಂಪ್ಯೂಟರ್ ಬೇರೆ ಬೇರೆ ವರ್ತಿಸಿದರೆ ವರದಿಯ ಮೂರನೆಯ ಸಾಲು ಹೋಲಿಸಿ. ಎರಡೂ ಬೇರೆ ಕಂಟ್ರೋಲರ್‌ನಿಂದ ಪಾಲಿಸಿ ಪಡೆದಿದ್ದರೆ, ಕಂಟ್ರೋಲರ್‌ಗಳ ನಡುವೆ ಸಿಸ್‌ವಾಲ್ ನಕಲು ನಿಂತಿರಬಹುದು. ಪಾಲಿಸಿಯ ಫೋಲ್ಡರ್‌ನಲ್ಲಿರುವ ಜಿಪಿಟಿ.ಐಎನ್‌ಐ ಫೈಲನ್ನು ಎರಡೂ ಕಡೆ ನೋಟ್‌ಪ್ಯಾಡ್‌ನಲ್ಲಿ ತೆರೆದು ‘ವರ್ಷನ್’ ಸಂಖ್ಯೆ ಹೋಲಿಸಿ. ಆ ಸಂಖ್ಯೆಯನ್ನು 65536ರಿಂದ ಭಾಗಿಸಿದರೆ ಭಾಗಲಬ್ಧ ಬಳಕೆದಾರರ ಭಾಗದ ತಿದ್ದುಪಡಿ ಸಂಖ್ಯೆ, ಶೇಷ ಕಂಪ್ಯೂಟರ್ ಭಾಗದ್ದು. 196613 ಎಂದಿದ್ದರೆ 3 ಮತ್ತು 5. ಇನ್ನೊಂದು ಕಡೆ 196612 ಇದ್ದರೆ ಅಲ್ಲಿಗೆ ಕಂಪ್ಯೂಟರ್ ಭಾಗದ ಕೊನೆಯ ತಿದ್ದುಪಡಿ ತಲುಪಿಲ್ಲ. ಬೇರೆ ಸೈಟ್‌ನ ಕಂಟ್ರೋಲರ್ ಆದರೆ ಆ್ಯಕ್ಟಿವ್ ಡೈರೆಕ್ಟರಿ ನಕಲಿಗೆ 180 ನಿಮಿಷದವರೆಗೂ ಬೇಕಾಗುತ್ತದೆ, ಸಾಮಾನ್ಯ ಸೆಟ್ಟಿಂಗ್ ಅದೇ. ಅದಕ್ಕೂ ಮೀರಿದರೆ ಆ ಸರ್ವರ್‌ನ ಡಿಎಫ್‌ಎಸ್ ರೆಪ್ಲಿಕೇಷನ್ (ಸಿಸ್‌ವಾಲ್ ನಕಲು ಮಾಡುವ ಸೇವೆ) ಲಾಗ್‌ನಲ್ಲಿ 2213 ಅಥವಾ 4012 ಎಂಬ ಈವೆಂಟ್ ಸಂಖ್ಯೆ ಇದೆಯೇ ನೋಡಿ. ಮೊದಲನೆಯದು ಕರೆಂಟ್ ಹೋಗಿ ಸರ್ವರ್ ತಟ್ಟನೆ ಆರಿದ ನಂತರ ನಕಲು ನಿಂತಿದೆ ಎನ್ನುತ್ತದೆ, ಎರಡನೆಯದು 60 ದಿನಕ್ಕಿಂತ ಹೆಚ್ಚು ಕಾಲ ಸಂಪರ್ಕವಿರಲಿಲ್ಲ ಎನ್ನುತ್ತದೆ.

ಡ್ರೈವ್ ಮ್ಯಾಪ್, ಪ್ರಿಂಟರ್‌ನಂಥ ‘ಪ್ರಿಫರೆನ್ಸಸ್’ನಲ್ಲಿ ಕಣ್ಣು ಬೇಕು ಬಣ್ಣದ ಗೆರೆಗಳ ಮೇಲೆ. ಸೆಟ್ಟಿಂಗ್ ಕೆಳಗೆ ಕೆಂಪು ಚುಕ್ಕೆಗೆರೆ ಇದ್ದರೆ, ಏನೇ ಬರೆದಿದ್ದರೂ ಅದು ಕಂಪ್ಯೂಟರ್‌ಗೆ ಹೋಗುವುದಿಲ್ಲ. ಅದರ ಮೇಲೆ ಕರ್ಸರ್ ಇಟ್ಟು ಎಫ್6 ಒತ್ತಿದರೆ ಗೆರೆ ಹಸಿರಾಗುತ್ತದೆ.

ಬಹಳ ಮಂದಿ ಮೊದಲೇ ಕೈಹಾಕುವ ‘ಜಿಪಿಅಪ್‌ಡೇಟ್ /ಫೋರ್ಸ್’ ಬಗ್ಗೆ. ಬದಲಾಗದ ಪಾಲಿಸಿಯನ್ನು ಕಂಪ್ಯೂಟರ್ ಪ್ರತಿಸಲ ಮತ್ತೆ ಹಾಕುವುದಿಲ್ಲ. ಭದ್ರತಾ ಸೆಟ್ಟಿಂಗ್‌ಗಳನ್ನು ಮಾತ್ರ 16 ಗಂಟೆಗೊಮ್ಮೆ ಹಾಕಿಕೊಳ್ಳುತ್ತದೆ. /ಫೋರ್ಸ್ ಕೊಟ್ಟರೆ ಬದಲಾಗದಿದ್ದರೂ ಎಲ್ಲವನ್ನೂ ಮತ್ತೆ ಹಾಕುತ್ತದೆ. ಯಾರೋ ರಿಜಿಸ್ಟ್ರಿ ತಿದ್ದಿದ್ದರೆ ಅದು ಸರಿಹೋಗುತ್ತದೆ. ಅನುಮತಿ ಇಲ್ಲದ, ತಪ್ಪು ಓಯುವಿನಲ್ಲಿರುವ, ಡಿಎನ್‌ಎಸ್ ಕೆಟ್ಟ ಕಂಪ್ಯೂಟರ್‌ಗೆ ಅದನ್ನು ನೂರು ಸಲ ಕೊಟ್ಟರೂ ಏನೂ ಆಗುವುದಿಲ್ಲ. ಆದರೆ ಅದು ಕೊಡುವ ಉತ್ತರ ಓದಿ: ‘ಲಾಗ್ ಆಫ್ ಆಗಲೇ?’ ಎಂದು ಕೇಳಿದರೆ ಲಾಗಿನ್ ಹೊತ್ತಿನಲ್ಲಿ ಮಾತ್ರ ಕೆಲಸ ಮಾಡುವ ಪಾಲಿಸಿ ಸಾಲಿನಲ್ಲಿ ಕಾದಿದೆ ಎಂದರ್ಥ.

ಇಷ್ಟಕ್ಕೂ ಗೊತ್ತಾಗದಿದ್ದರೆ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ ಈವೆಂಟ್ ಸಂಖ್ಯೆ ನೋಡಿ. 1129 ಎಂದರೆ ಕಂಟ್ರೋಲರ್‌ವರೆಗೆ ನೆಟ್‌ವರ್ಕ್ ಸಿಗಲಿಲ್ಲ. 1058 ಎಂದರೆ ಜಿಪಿಟಿ.ಐಎನ್‌ಐ ಓದಲಾಗಲಿಲ್ಲ. 1006ರ ಜೊತೆ ದೋಷ ಸಂಖ್ಯೆ 49 ಇದ್ದರೆ ಬಳಕೆದಾರರು ಲಾಗಿನ್ ಆಗಿರುವಾಗಲೇ ಅವರ ಪಾಸ್‌ವರ್ಡ್ ಅವಧಿ ಮುಗಿದಿರಬಹುದು, ಲಾಗ್ ಆಫ್ ಆಗಿ ಬರಲಿ. 1096 ಎಂದರೆ ರಿಜಿಸ್ಟ್ರಿ.ಪಿಓಎಲ್ ಫೈಲ್ ಕೆಟ್ಟಿದೆ. ಆ ಸಂದೇಶದಲ್ಲಿ ಫೈಲ್ ಎಲ್ಲಿದೆ ಎಂಬ ದಾರಿಯೂ ಇರುತ್ತದೆ, ಪೂರ್ತಿ ಓದಿ. ಅದು ಆ ಕಂಪ್ಯೂಟರ್‌ನ ಸಿಸ್ಟಮ್32 ಒಳಗಿನ ಗ್ರೂಪ್‌ಪಾಲಿಸಿ ಫೋಲ್ಡರ್‌ನಲ್ಲಿದ್ದರೆ ಫೈಲ್‌ನ ಹೆಸರು ಬದಲಿಸಿ ‘ಜಿಪಿಅಪ್‌ಡೇಟ್ /ಫೋರ್ಸ್’ ಕೊಡಿ. ಕಂಪ್ಯೂಟರ್‌ನಲ್ಲೇ ಹಾಕಿದ್ದ ಲೋಕಲ್ ಸೆಟ್ಟಿಂಗ್‌ಗಳು ಹೋಗುತ್ತವೆ, ಅವನ್ನು ಮತ್ತೆ ಹಾಕಬೇಕು. ದಾರಿ ಸಿಸ್‌ವಾಲ್‌ನದ್ದಾಗಿದ್ದರೆ ಮಾತ್ರ ಮುಟ್ಟಬೇಡಿ, ಅದು ಇಡೀ ಕಚೇರಿಯ ಪಾಲಿಸಿ; ಬ್ಯಾಕಪ್‌ನಿಂದ ಮರಳಿ ತರಬೇಕು.

ಬೇಸತ್ತು ಮಾಡುವ ಕೆಲವು ಕೆಲಸಗಳನ್ನು ದಯವಿಟ್ಟು ಮಾಡಬೇಡಿ. ಸಿಸ್‌ವಾಲ್ ಫೋಲ್ಡರ್‌ಗೆ ‘ಎವ್ರಿವನ್, ಫುಲ್ ಕಂಟ್ರೋಲ್’ ಕೊಟ್ಟರೆ ಕಚೇರಿಯ ಯಾವ ಕಂಪ್ಯೂಟರಿನಿಂದ ಯಾರು ಬೇಕಾದರೂ ಎಲ್ಲ ಕಂಪ್ಯೂಟರ್‌ಗಳ ನಿಯಮ ತಿದ್ದಬಹುದು. ಸಿಬ್ಬಂದಿಗೆ ಲೋಕಲ್ ಅಡ್ಮಿನ್ ಹಕ್ಕು ಕೊಡುವುದೂ ಫೈರ್‌ವಾಲ್ ಆಫ್ ಮಾಡುವುದೂ ‘ಆಮೇಲೆ ಸರಿಮಾಡೋಣ’ ಎಂದು ಶುರುವಾಗುತ್ತವೆ, ಆ ಆಮೇಲೆ ಬರುವುದಿಲ್ಲ.

ಕಚೇರಿಗಳ ಮುಖ್ಯಸ್ಥರಲ್ಲಿ ನಮ್ಮ ಕೋರಿಕೆ ಒಂದೇ. ಪಾಲಿಸಿ ಬಾರದ ಕಂಪ್ಯೂಟರ್ ಬಗ್ಗೆ ದೂರು ಬರೆಯುವಾಗ ‘ಜಿಪಿರಿಸಲ್ಟ್ /ಎಚ್’ ವರದಿಯ ಫೈಲ್, ಕಂಪ್ಯೂಟರ್ ಹೆಸರು, ಸಮಯ ಈ ಮೂರನ್ನೂ ಲಗತ್ತಿಸುವುದು ಕಡ್ಡಾಯವಾಗಲಿ. ಫಾರ್ಮ್ಯಾಟ್‌ಗೆ ಒಪ್ಪಿಗೆ ಕೊಡುವವರು ಸಹಿ ಹಾಕುವ ಮೊದಲು ಆ ವರದಿಯನ್ನು ಯಾರು ಓದಿದರು ಎಂದು ಕೇಳಲಿ.

ಇಂತಿ,
ಕಚೇರಿ ಕಂಪ್ಯೂಟರ್ ಜಾಲ ನಿರ್ವಹಣೆಯ ಕೆಲಸದಲ್ಲಿರುವ ಓದುಗರು